ಕ್ವಿಕ್ ಕೈಕೊಟ್ಟರೆ ಎಲ್ಲಿಂದ ಹುಡುಕುವುದು?

ಇಂಟರ್‌ನೆಟ್‌ನಲ್ಲಿ ಡೇಟಾ ಸಾಗಿಸುವ ಹಳೆಯ ಪ್ರೊಟೊಕಾಲ್ ಟಿಸಿಪಿ. ಅದರ ಬದಲು ಬಳಸುವ, ಸರಳವಾದ ಯುಡಿಪಿ ಮೇಲೆ ಓಡುವ ಹೊಸ ಪ್ರೊಟೊಕಾಲ್ ಕ್ವಿಕ್. ಟಿಸಿಪಿ ಕನೆಕ್ಷನ್ ನಿಧಾನವಾದರೆ ದಾರಿಯಲ್ಲಿ ಎಲ್ಲಿ ನಿಂತು ನೋಡಿದರೂ ಏನಾದರೂ ಸುಳಿವು ಸಿಗುತ್ತದೆ. ಸೀಕ್ವೆನ್ಸ್ ನಂಬರ್, ಆಕ್ (ತಲುಪಿತು ಎಂಬ ಉತ್ತರ), ವಿಂಡೋ (ಒಮ್ಮೆಗೆ ಎಷ್ಟು ಕಳಿಸಬಹುದು ಎಂಬ ಮಿತಿ) ಎಲ್ಲ ಹೆಡರ್‌ನಲ್ಲೇ ಕಾಣುತ್ತವೆ. ಯಾವ ಪ್ಯಾಕೆಟ್ ಕಳೆಯಿತು, ಯಾವುದು ಎರಡನೇ ಸಲ ಹೋಯಿತು ಅಂತ ನಡುವಿನ ರೂಟರ್ ಬಳಿ ಕೂತವರೂ ಹೇಳಬಹುದು. ಕ್ವಿಕ್‌ನಲ್ಲಿ ಆ ಅನುಕೂಲ ಇಲ್ಲ. ಆಕ್‌ಗಳು ಎನ್‌ಕ್ರಿಪ್ಟ್ ಆಗಿರುತ್ತವೆ, ಪ್ಯಾಕೆಟ್ ನಂಬರ್ ಕೂಡ ಮುಚ್ಚಿರುತ್ತದೆ. ಹೊರಗಿನವರಿಗೆ ಕಾಣುವುದು ಬರೀ ಯುಡಿಪಿ ಪ್ಯಾಕೆಟ್‌ಗಳ ಸಾಲು.

ಗೂಗಲ್ 2013ರಲ್ಲಿ ಹೊರಗೆ ತಿಳಿಸಿದ ಈ ಪ್ರಯೋಗವನ್ನು ಇಂಟರ್‌ನೆಟ್ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ಬಹಳಷ್ಟು ತಿದ್ದಿ, 2021ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 9000 ಎಂಬ ಮಾನದಂಡವಾಗಿ ಪ್ರಕಟಿಸಿತು. 2022ರ ಜೂನ್‌ನಲ್ಲಿ ಅದರ ಮೇಲೆ ಓಡುವ ಎಚ್‌ಟಿಟಿಪಿ/3 ಬಂತು. ಈಗ ದೊಡ್ಡ ಬ್ರೌಸರ್‌ಗಳೆಲ್ಲ ಇದನ್ನು ಬಳಸುತ್ತವೆ. ಹಾಗಾಗಿ ಸರ್ವರ್ ನೋಡಿಕೊಳ್ಳುವವರಿಗೂ ಆ್ಯಪ್ ಬರೆಯುವವರಿಗೂ ಇದನ್ನು ಡೀಬಗ್ ಮಾಡುವ ಕೆಲಸ ಒಂದಲ್ಲ ಒಂದು ದಿನ ಬಂದೇ ಬರುತ್ತದೆ.

ಒಂದು ವಿಷಯ ಮೊದಲೇ ಗೊತ್ತಿರಲಿ. ಕನೆಕ್ಷನ್ ಮುಗಿದ ಮೇಲೆ ಅದರ ಕೀಗಳೂ ಹೋಗುತ್ತವೆ. ಆಮೇಲೆ ಎಷ್ಟೇ ಪ್ಯಾಕೆಟ್ ಹಿಡಿದಿಟ್ಟಿದ್ದರೂ ಓದಲು ಬರುವುದಿಲ್ಲ. ತೊಂದರೆ ಬಂದ ಮೇಲೆ ಸುಳಿವು ಹುಡುಕುತ್ತೇನೆ ಅಂದರೆ ಇಲ್ಲಿ ನಡೆಯುವುದಿಲ್ಲ. ಬರುವ ಮೊದಲೇ ಬರೆದಿಡುವ ಏರ್ಪಾಡು ಬೇಕು.

ಕಮಾಂಡ್‌ಗಳನ್ನೂ ಆಯ್ಕೆಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಿಕೊಳ್ಳಿ. ಎಲ್ಲವೂ ಲಿನಕ್ಸ್‌ಗೆ ಸಂಬಂಧಿಸಿದ್ದು.

ಹೆಜ್ಜೆ 1: ಓಡುತ್ತಿರುವುದು ಕ್ವಿಕ್ಕೇ ಹೌದಾ?

ಇದು ಸಣ್ಣ ಪ್ರಶ್ನೆ ಅನಿಸಬಹುದು. ಆದರೆ ಬ್ರೌಸರ್‌ಗಳು ಇಲ್ಲಿ ಸುಮ್ನೆ ದಾರಿ ತಪ್ಪಿಸುತ್ತವೆ. ಕ್ವಿಕ್ ಕೆಲಸ ಮಾಡದಿದ್ದರೆ ಅವು ಏನೂ ಹೇಳದೆ ಟಿಸಿಪಿಗೆ ಹೋಗಿಬಿಡುತ್ತವೆ. ಪುಟ ತೆರೆಯಿತು, ಎಲ್ಲ ಸರಿಯಿದೆ ಅಂತ ನಾವು ಅಂದುಕೊಳ್ಳುತ್ತೇವೆ.

ಕ್ರೋಮ್‌ನ ಡೆವ್‌ಟೂಲ್ಸ್ ತೆರೆದು ನೆಟ್‌ವರ್ಕ್ ಪಟ್ಟಿಯಲ್ಲಿ ಪ್ರೊಟೊಕಾಲ್ ಕಾಲಮ್ ತೋರಿಸುವಂತೆ ಮಾಡಿ. ಅಲ್ಲಿ ಎಚ್3 ಅಂತ ಇದ್ದರೆ ಕ್ವಿಕ್, ಎಚ್2 ಇದ್ದರೆ ಟಿಸಿಪಿ. ಮೊದಲ ಸಲ ಎಚ್2 ಬಂದರೆ ಗಾಬರಿ ಬೇಡ. ಸರ್ವರ್ ತನ್ನ ಆಲ್ಟ್-ಎಸ್‌ವಿಸಿ ಹೆಡರ್‌ನಲ್ಲಿ "ನನ್ನ ಬಳಿ ಎಚ್3 ಇದೆ" ಅಂತ ಹೇಳಿದ ಮೇಲೆಯೇ ಬ್ರೌಸರ್ ಅದನ್ನು ಪ್ರಯತ್ನಿಸುವುದು ಸಾಮಾನ್ಯ. ಪುಟವನ್ನು ಇನ್ನೊಮ್ಮೆ ತೆರೆದು ನೋಡಿ.

ಟರ್ಮಿನಲ್‌ನಿಂದಲೇ ವೆಬ್ ವಿಳಾಸ ತೆರೆಯುವ ಕರ್ಲ್ ಇದಕ್ಕಿಂತ ನೇರ. ಮೊದಲು ಕರ್ಲ್ ಮೈನಸ್ ದೊಡ್ಡ ವಿ ಕೊಟ್ಟು, ಫೀಚರ್‌ಗಳ ಸಾಲಿನಲ್ಲಿ ಎಚ್‌ಟಿಟಿಪಿ3 ಇದೆಯಾ ನೋಡಿ. ಎಲ್ಲ ಕರ್ಲ್‌ಗಳಲ್ಲೂ ಅದು ಇರುವುದಿಲ್ಲ. ಇದ್ದರೆ ಎಚ್‌ಟಿಟಿಪಿ3-ಓನ್ಲಿ ಆಯ್ಕೆ ಬಳಸಿ. ಬರೀ ಎಚ್‌ಟಿಟಿಪಿ3 ಅಂತ ಕೊಟ್ಟರೆ ಕರ್ಲ್ ಕೂಡ ಹಿಂದಿನ ಬಾಗಿಲಿನಿಂದ ಟಿಸಿಪಿಗೆ ಹೋಗಬಹುದು. ಪರೀಕ್ಷೆಗೆ ಅದು ಬೇಡ.

ಆಫೀಸ್ ನೆಟ್‌ವರ್ಕ್‌ನಲ್ಲಿ ಕೆಲಸ ಮಾಡುತ್ತಿಲ್ಲ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮಾಡುತ್ತದೆ ಅಂದರೆ ಫೈರ್‌ವಾಲ್ ಯುಡಿಪಿ ಪೋರ್ಟ್ 443 ತಡೆಯುತ್ತಿರುವ ಸಾಧ್ಯತೆಯೇ ಜಾಸ್ತಿ. ಅದನ್ನು ಖಚಿತಪಡಿಸಿಕೊಳ್ಳಲು ಪೋರ್ಟ್ ತೆರೆದಿದೆಯಾ ಅಂತ ನೋಡುವ ನೆಟ್‌ಕ್ಯಾಟ್ ನಂಬಬೇಡಿ. ಯುಡಿಪಿಯಲ್ಲಿ ಉತ್ತರ ಬಾರದಿದ್ದರೂ ಅದು "ಸಕ್ಸೀಡೆಡ್" ಅನ್ನುತ್ತದೆ. ಪಿಂಗ್ ಬಂದರೂ ಏನೂ ತಿಳಿಯುವುದಿಲ್ಲ, ಅದು ಬೇರೆ ಪ್ರೊಟೊಕಾಲ್.

ಹೆಜ್ಜೆ 2: ಲ್ಯಾಪ್‌ಟಾಪ್‌ನಲ್ಲೇ ಒಂದು ಪುಟ್ಟ ಲ್ಯಾಬ್

ಕಲಿಯುವವರಿಗೆ ನಾನು ಹೇಳುವುದು ಪೈಥಾನ್‌ನಲ್ಲಿ ಬರೆದ ಎಐಒಕ್ವಿಕ್. ವೇಗ ಕಮ್ಮಿ. ಆದರೆ ಕೋಡ್ ಓದಲು ಬರುತ್ತದೆ, ಪ್ರಿಂಟ್ ಹಾಕಿ ನೋಡಬಹುದು. ಅದರ ಎಕ್ಸಾಂಪಲ್ಸ್ ಫೋಲ್ಡರ್‌ನಲ್ಲಿ ಎಚ್‌ಟಿಟಿಪಿ/3 ಸರ್ವರ್, ಕ್ಲೈಂಟ್ ಎರಡೂ ಇವೆ. ಪರೀಕ್ಷೆಗೆ ಬೇಕಾದ ಸರ್ಟಿಫಿಕೇಟ್ ಟೆಸ್ಟ್ಸ್ ಫೋಲ್ಡರ್‌ನಲ್ಲಿದೆ. ವೇಗ ಅಳೆಯಬೇಕೆಂದರೆ ಮಾತ್ರ ಇದು ಬೇಡ. ಆಗ ಗೋ ಭಾಷೆಯ ಕ್ವಿಕ್-ಗೋ, ಕ್ಲೌಡ್‌ಫ್ಲೇರ್ ರಸ್ಟ್‌ನಲ್ಲಿ ಬರೆದ ಕ್ವಿಶ್, ಸಿಯಲ್ಲಿರುವ ಪಿಕೊಕ್ವಿಕ್ ಇವುಗಳಲ್ಲಿ ಒಂದನ್ನು ಹಿಡಿಯಿರಿ.

ಸರ್ವರನ್ನೂ ಕ್ಲೈಂಟನ್ನೂ ಎರಡು ನೆಟ್‌ವರ್ಕ್ ನೇಮ್‌ಸ್ಪೇಸ್‌ಗಳಲ್ಲಿ (ಒಂದೇ ಮೆಷಿನ್‌ನೊಳಗಿನ ಬೇರೆ ಬೇರೆ ನೆಟ್‌ವರ್ಕ್‌ಗಳು) ಇಟ್ಟು, ನಡುವೆ ವೀತ್ ಜೋಡಿಯಿಂದ (ತಂತಿಯಂತೆ ಕೆಲಸ ಮಾಡುವ ಕೃತಕ ಇಂಟರ್‌ಫೇಸ್‌ಗಳು) ಸೇರಿಸಿ. ಐಪಿ ನೆಟ್‌ಎನ್‌ಎಸ್ ಕಮಾಂಡ್‌ನಿಂದ ಇದು ಐದು ನಿಮಿಷದ ಕೆಲಸ. ಮೆಷಿನ್ ತನ್ನೊಂದಿಗೇ ಮಾತಾಡುವ ಲೂಪ್‌ಬ್ಯಾಕ್‌ನಲ್ಲೇ ಓಡಿಸಿದರೆ ಆಗಲ್ವಾ ಅಂದರೆ ಆಗುತ್ತದೆ, ಆದರೆ ಎರಡು ಕಿರಿಕಿರಿ. ಲೂಪ್‌ಬ್ಯಾಕ್‌ನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಅಳತೆ) 65,536 ಬೈಟ್, ನಿಜವಾದ ನೆಟ್‌ವರ್ಕ್‌ಗೂ ಇದಕ್ಕೂ ಹೋಲಿಕೆಯೇ ಇಲ್ಲ. ಮತ್ತೆ ಮುಂದೆ ನೆಟ್‌ವರ್ಕ್ ಕೆಡಿಸುವಾಗ, ಅದೇ ಲ್ಯಾಪ್‌ಟಾಪ್‌ನ ಡೇಟಾಬೇಸ್ ಕನೆಕ್ಷನ್‌ಗಳೂ ಜೊತೆಗೆ ಕೆಡುತ್ತವೆ.

ಹೆಜ್ಜೆ 3: ಮೂರು ಫೈಲ್, ಒಟ್ಟಿಗೆ

ಪ್ರತಿ ಪರೀಕ್ಷೆಗೂ ಮೂರು ಫೈಲ್ ಬೇಕು: ಪ್ಯಾಕೆಟ್ ಕ್ಯಾಪ್ಚರ್, ಕೀ ಲಾಗ್, ಕ್ಯುಲಾಗ್. ಒಂದು ಪರೀಕ್ಷೆಗೆ ಒಂದು ಫೋಲ್ಡರ್ ಅಂತ ಇಟ್ಟುಕೊಳ್ಳಿ. ಬೇರೆ ಬೇರೆ ಓಟದ ಫೈಲ್‌ಗಳು ಬೆರೆತರೆ ಒಂದಕ್ಕೊಂದು ತಾಳೆಯಾಗುವುದಿಲ್ಲ.

ಕ್ಯಾಪ್ಚರ್‌ಗೆ ಟಿಸಿಪಿಡಂಪ್ ಸಾಕು. ಹೆಸರಲ್ಲಿ ಟಿಸಿಪಿ ಇದ್ದರೂ ಯುಡಿಪಿಯನ್ನೂ ಹಿಡಿಯುತ್ತದೆ. ಮೈನಸ್ ಐ ಕೊಟ್ಟು ಇಂಟರ್‌ಫೇಸ್ ಹೆಸರು, ಮೈನಸ್ ಡಬ್ಲ್ಯೂ ಕೊಟ್ಟು ಫೈಲ್ ಹೆಸರು, ಕೊನೆಗೆ ಯುಡಿಪಿ ಪೋರ್ಟ್ 443 ಅಥವಾ ನಿಮ್ಮ ಪರೀಕ್ಷೆಯ ಪೋರ್ಟ್. ಕನೆಕ್ಷನ್ ಶುರುವಾಗುವ ಮೊದಲೇ ಇದು ಓಡುತ್ತಿರಬೇಕು. ಹ್ಯಾಂಡ್‌ಶೇಕ್ (ಕನೆಕ್ಷನ್ ಶುರುವಿನ ಮಾತುಕತೆ) ಕಾಣದಿದ್ದರೆ ಯಾವ ಸೈಫರ್, ಕನೆಕ್ಷನ್ ಐಡಿ ಎಷ್ಟು ಉದ್ದ ಎಂಬುದು ಕ್ಯಾಪ್ಚರ್ ಬಿಡಿಸಿ ತೋರಿಸುವ ವೈರ್‌ಶಾರ್ಕ್‌ಗೆ ಗೊತ್ತಾಗುವುದಿಲ್ಲ. ಕ್ವಿಕ್‌ನ ಶಾರ್ಟ್ ಹೆಡರ್‌ನಲ್ಲಿ ಐಡಿಯ ಉದ್ದವನ್ನು ಬರೆದಿರುವುದೇ ಇಲ್ಲ.

ಇಲ್ಲಿ ಹಲವರು ಎಡವುವ ಜಾಗ ಒಂದಿದೆ. ಕಳಿಸುವ ಮೆಷಿನ್‌ನಲ್ಲಿ ಕ್ಯಾಪ್ಚರ್ ಮಾಡಿದರೆ ಎಂಟಿಯುಗಿಂತ ದೊಡ್ಡ ಪ್ಯಾಕೆಟ್‌ಗಳು ಕಾಣಿಸಬಹುದು. ಅದು ಪ್ರೊಟೊಕಾಲ್ ತಪ್ಪಲ್ಲ. ವೇಗಕ್ಕಾಗಿ ಲೈಬ್ರರಿ ಹಲವು ಪ್ಯಾಕೆಟ್‌ಗಳನ್ನು ಒಟ್ಟಿಗೆ ಕರ್ನಲ್‌ಗೆ ಕೊಡುತ್ತದೆ, ಅವು ಬೇರೆಯಾಗುವ ಮೊದಲೇ ಟಿಸಿಪಿಡಂಪ್ ನೋಡಿಬಿಡುತ್ತದೆ. ಜಿಎಸ್‌ಒ ಅಂತ ಇದರ ಹೆಸರು. ಪಡೆಯುವ ಕಡೆ ಕ್ಯಾಪ್ಚರ್ ಮಾಡಿ, ಇಲ್ಲವೇ ಲೈಬ್ರರಿಯಲ್ಲಿ ಜಿಎಸ್‌ಒ ಆಫ್ ಮಾಡಿ.

ಕೀ ಲಾಗ್‌ಗೆ ಎಸ್‌ಎಸ್‌ಎಲ್‌ಕೀಲಾಗ್‌ಫೈಲ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಇದೆ. ಎಲ್ಲ ದೊಡ್ಡಕ್ಷರ, ನಡುವೆ ಜಾಗವಿಲ್ಲ. ಅದಕ್ಕೆ ಒಂದು ಫೈಲಿನ ದಾರಿ ಕೊಟ್ಟರೆ ಕ್ರೋಮ್, ಫೈರ್‌ಫಾಕ್ಸ್, ಕರ್ಲ್ ತಮ್ಮ ಟಿಎಲ್‌ಎಸ್ (ಎನ್‌ಕ್ರಿಪ್ಟ್ ಮಾಡುವ ಪ್ರೊಟೊಕಾಲ್) ಕೀಗಳನ್ನು ಅಲ್ಲಿ ಬರೆಯುತ್ತವೆ. ಎಐಒಕ್ವಿಕ್ ಉದಾಹರಣೆಗಳಲ್ಲಿ ಸೀಕ್ರೆಟ್ಸ್-ಲಾಗ್ ಎಂಬ ಆಯ್ಕೆ ಇದೇ ಕೆಲಸಕ್ಕೆ. ನಂತರ ವೈರ್‌ಶಾರ್ಕ್‌ನ ಪ್ರಿಫರೆನ್ಸಸ್, ಪ್ರೊಟೊಕಾಲ್ಸ್, ಟಿಎಲ್‌ಎಸ್ ಅಂತ ಹೋಗಿ ಮಾಸ್ಟರ್ ಸೀಕ್ರೆಟ್ ಲಾಗ್ ಜಾಗದಲ್ಲಿ ಆ ಫೈಲ್ ತೋರಿಸಿ. ಕ್ವಿಕ್‌ನ ಕೀ ಕೊಡುವುದು ಟಿಎಲ್‌ಎಸ್ ಸೆಟ್ಟಿಂಗ್‌ನಲ್ಲಿ. ಕ್ವಿಕ್ ಅಡಿಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಆ ಫೈಲ್ ಕೈಗೆ ಸಿಕ್ಕವರು ಆ ಕನೆಕ್ಷನ್‌ನ ಕುಕಿ, ಪಾಸ್‌ವರ್ಡ್ ಎಲ್ಲ ಓದಬಹುದು. ಅದಕ್ಕೇ ನಿಮ್ಮ ದಿನನಿತ್ಯದ ಬ್ರೌಸರ್ ಪ್ರೊಫೈಲ್ ಬಿಟ್ಟು ಹೊಸದೊಂದು ಪ್ರೊಫೈಲ್‌ನಲ್ಲಿ ಪರೀಕ್ಷೆ ಮಾಡಿ. ವೇರಿಯಬಲ್ ಅನ್ನು ಶೆಲ್‌ನ ಕಾನ್ಫಿಗ್ ಫೈಲಿಗೆ ಹಾಕಿ ಮರೆತುಬಿಡುವವರೂ ಇದ್ದಾರೆ. ದಯವಿಟ್ಟು ಬೇಡ.

ಮೂರನೆಯದು ಕ್ಯುಲಾಗ್. ನನ್ನ ಲೆಕ್ಕದಲ್ಲಿ ಮೂರರಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಇದೇ. ಬೆಲ್ಜಿಯಂನ ಹಾಸೆಲ್ಟ್ ವಿಶ್ವವಿದ್ಯಾಲಯದಲ್ಲಿದ್ದಾಗ ರಾಬಿನ್ ಮಾರ್ಕ್ಸ್ ಶುರು ಮಾಡಿದ ಲಾಗ್ ಮಾದರಿ ಇದು. ಪ್ಯಾಕೆಟ್ ಕ್ಯಾಪ್ಚರ್ ಏನು ಹೋಯಿತು, ಏನು ಬಂತು ಎಂಬುದನ್ನಷ್ಟೇ ಹೇಳುತ್ತದೆ. ಕಳಿಸುವವನ ತಲೆಯೊಳಗೆ ಏನಿತ್ತು ಅಂತ ಹೇಳುವುದಿಲ್ಲ. ಆ ಕ್ಷಣಕ್ಕೆ ಕಂಜೆಶನ್ ವಿಂಡೋ (ದಟ್ಟಣೆ ನೋಡಿ ಕಳಿಸುವವನೇ ಹಾಕಿಕೊಳ್ಳುವ ಮಿತಿ) ಎಷ್ಟಿತ್ತು, ಎಷ್ಟು ಬೈಟ್ ದಾರಿಯಲ್ಲಿತ್ತು, ಆರ್‌ಟಿಟಿ (ಹೋಗಿಬರುವ ಸಮಯ) ಅಂದಾಜು ಎಷ್ಟು, ಒಂದು ಪ್ಯಾಕೆಟ್ ಕಳೆಯಿತು ಅಂತ ಯಾಕೆ ತೀರ್ಮಾನಿಸಿತು, ಇವೆಲ್ಲ ಕ್ಯುಲಾಗ್‌ನಲ್ಲಿ ಇರುತ್ತವೆ. ಹಲವು ಲೈಬ್ರರಿಗಳು ಕ್ಯುಲಾಗ್‌ಡಿಐಆರ್ ವೇರಿಯಬಲ್‌ಗೆ ಫೋಲ್ಡರ್ ಕೊಟ್ಟರೆ ಬರೆದುಕೊಡುತ್ತವೆ. ಎಐಒಕ್ವಿಕ್‌ನಲ್ಲಿ ಕ್ವಿಕ್-ಲಾಗ್ ಆಯ್ಕೆ. ಬರುವುದು ಜೇಸನ್, ಹಾಗೇ ಓದುತ್ತಾ ಹೋದರೆ ಕಣ್ಣು ನೋಯುತ್ತದೆ. ಕ್ಯುವಿಸ್ ಎಂಬ ಬ್ರೌಸರ್ ಟೂಲ್‌ಗೆ ಹಾಕಿದರೆ ಸೀಕ್ವೆನ್ಸ್ ಚಿತ್ರ, ಕಂಜೆಶನ್ ಗ್ರಾಫ್ ಎಲ್ಲ ಬಿಡಿಸಿ ಕೊಡುತ್ತದೆ.

ಹೆಜ್ಜೆ 4: ಹ್ಯಾಂಡ್‌ಶೇಕ್ ಓದುವುದು

ತೊಂದರೆಗಳಲ್ಲಿ ದೊಡ್ಡ ಪಾಲು ಇಲ್ಲೇ ಸಿಗುತ್ತದೆ. ಸಂತೋಷದ ವಿಷಯ ಏನೆಂದರೆ ಮೊದಲ ಇನಿಶಿಯಲ್ ಪ್ಯಾಕೆಟ್ ಓದಲು ಕೀ ಲಾಗ್ ಬೇಡ. ಅದರ ಕೀ ಹುಟ್ಟುವುದು ಕ್ಲೈಂಟ್ ಆರಿಸಿದ ಕನೆಕ್ಷನ್ ಐಡಿ ಮತ್ತು ಆರ್‌ಎಫ್‌ಸಿಯಲ್ಲೇ ಅಚ್ಚಾಗಿರುವ ಒಂದು ಸಂಖ್ಯೆಯಿಂದ. ವೈರ್‌ಶಾರ್ಕ್ ತಾನೇ ಬಿಡಿಸಿ ತೋರಿಸುತ್ತದೆ. ಫಿಲ್ಟರ್ ಜಾಗದಲ್ಲಿ ಕ್ವಿಕ್ ಅಂತ ಬರೆದು ನೋಡಿ.

ಮೊದಲು ಅಳತೆ. ಕ್ಲೈಂಟ್‌ನ ಇನಿಶಿಯಲ್ ಹೊತ್ತ ಯುಡಿಪಿ ಪ್ಯಾಕೆಟ್ ಕನಿಷ್ಠ 1,200 ಬೈಟ್ ಇರಲೇಬೇಕು. ನೀವೇ ಬರೆದ ಕ್ಲೈಂಟ್ ಅದಕ್ಕಿಂತ ಚಿಕ್ಕದು ಕಳಿಸಿದರೆ ಸರ್ವರ್ ಎಸೆದುಬಿಡುತ್ತದೆ.

ಆಮೇಲೆ ಅಂತರ. ಉತ್ತರವೇ ಇಲ್ಲದೆ ಇನಿಶಿಯಲ್‌ಗಳು 1 ಸೆಕೆಂಡ್, ಮತ್ತೆ 2, ಮತ್ತೆ 4 ಸೆಕೆಂಡ್ ಬಿಟ್ಟು ಹೋಗುತ್ತಿವೆ ಅಂದರೆ ಆ ಕಡೆಯಿಂದ ಒಂದೂ ಪ್ಯಾಕೆಟ್ ಬಂದಿಲ್ಲ ಅಂತಲೇ ಅರ್ಥ. ಕ್ವಿಕ್‌ನಲ್ಲಿ ಪ್ಯಾಕೆಟ್ ಕಳೆದದ್ದನ್ನು ಗುರುತಿಸುವ ನಿಯಮಗಳಿರುವ ಆರ್‌ಎಫ್‌ಸಿ 9002 ಶುರುವಿನ ಆರ್‌ಟಿಟಿಯನ್ನು 333 ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳಲು ಹೇಳುತ್ತದೆ. ಅದರ ಲೆಕ್ಕದಲ್ಲಿ ಮೊದಲ ಕಾಯುವಿಕೆ ಹತ್ತಿರ ಹತ್ತಿರ 1 ಸೆಕೆಂಡ್, ನಂತರ ಪ್ರತಿ ಸಲ ದುಪ್ಪಟ್ಟು. ಕೆಲವು ಲೈಬ್ರರಿಗಳು ಇನ್ನೂ ಬೇಗ ಪ್ರಯತ್ನಿಸುತ್ತವೆ, ಆದರೆ ದುಪ್ಪಟ್ಟಾಗುವ ಕ್ರಮ ಅದೇ. ಈ ಲಯ ಕಂಡರೆ ಕೋಡ್ ಬಿಟ್ಟು ಫೈರ್‌ವಾಲ್, ಪೋರ್ಟ್ ಕಡೆ ನೋಡಿ.

ಉತ್ತರ ಬಂದು ಕನೆಕ್ಷನ್ ಕ್ಲೋಸ್ ಫ್ರೇಮ್ ಕಾಣಿಸಿದರೆ ಎರರ್ ಕೋಡ್ ಗಮನಿಸಿ. ಹೆಕ್ಸ್ 100ರಿಂದ ಶುರುವಾಗುವ ಕೋಡ್‌ಗಳು ಟಿಎಲ್‌ಎಸ್‌ನವು. ಕೊನೆಯ ಎರಡು ಅಂಕಿ ಟಿಎಲ್‌ಎಸ್ ಅಲರ್ಟ್. ಹೆಕ್ಸ್ 178 ಬಂದರೆ ಎಎಲ್‌ಪಿಎನ್ (ಯಾವ ಪ್ರೊಟೊಕಾಲ್ ಮಾತಾಡಬೇಕು ಎಂಬ ಒಪ್ಪಂದ) ಹೊಂದಿಲ್ಲ: ಕ್ಲೈಂಟ್ ಎಚ್3 ಕೇಳಿತು, ಸರ್ವರ್‌ನಲ್ಲಿ ಬೇರೇನೋ ಬರೆದಿದೆ. ಹಳೆಯ ಡ್ರಾಫ್ಟ್ ಕಾಲದ ಎಚ್3-29 ಎಂಬ ಹೆಸರು ಕಾನ್ಫಿಗ್‌ನಲ್ಲಿ ಉಳಿದಿದ್ದರೆ ಹೀಗಾಗುತ್ತದೆ. ಹೆಕ್ಸ್ 130 ಬಂದರೆ ಸರ್ಟಿಫಿಕೇಟ್ ಕೊಟ್ಟವರನ್ನು ಕ್ಲೈಂಟ್ ನಂಬುತ್ತಿಲ್ಲ, ಸಿಎ ಫೈಲ್ ಕೊಡಿ. ಚಿಕ್ಕ ಕೋಡ್‌ಗಳು ಕ್ವಿಕ್‌ನ ಸ್ವಂತದ್ದು. 3 ಬಂದರೆ ಫ್ಲೋ ಕಂಟ್ರೋಲ್ (ಪಡೆಯುವವನು ಹಾಕಿದ ಮಿತಿ) ಮೀರಿದೆ, 8 ಬಂದರೆ ಟ್ರಾನ್ಸ್‌ಪೋರ್ಟ್ ಪ್ಯಾರಾಮೀಟರ್ ಸರಿಯಿಲ್ಲ.

ಹ್ಯಾಂಡ್‌ಶೇಕ್ ಅರ್ಧಕ್ಕೆ ನಿಂತರೆ ಇನ್ನೊಂದು ಅನುಮಾನ ಇಟ್ಟುಕೊಳ್ಳಿ. ಕ್ಲೈಂಟ್‌ನ ವಿಳಾಸ ನಿಜ ಅಂತ ಖಾತ್ರಿಯಾಗುವವರೆಗೆ ಸರ್ವರ್ ತಾನು ಪಡೆದ ಬೈಟ್‌ಗಳ ಮೂರು ಪಟ್ಟು ಮಾತ್ರ ಕಳಿಸಬಹುದು. ಬೇರೆಯವರ ವಿಳಾಸ ಹಾಕಿ ದಾಳಿ ಮಾಡುವುದನ್ನು ತಡೆಯಲು ಈ ನಿಯಮ. 1,200 ಬಂದರೆ 3,600 ಹೋಗಬಹುದು, ಅಷ್ಟೇ. ಸರ್ಟಿಫಿಕೇಟ್ ಸರಪಳಿ ಅದಕ್ಕಿಂತ ಉದ್ದವಾದರೆ ಸರ್ವರ್ ನಡುವೆ ನಿಲ್ಲಬೇಕಾಗುತ್ತದೆ. ಕ್ಲೈಂಟ್‌ನ ಆಕ್ ಬಂದರೆ ಮುಂದುವರಿಯುತ್ತದೆ. ಆ ಆಕ್ ದಾರಿಯಲ್ಲಿ ಕಳೆದರೆ? ಸರ್ವರ್‌ಗೆ ಕಳಿಸುವಂತಿಲ್ಲ, ಕ್ಲೈಂಟ್‌ಗೆ ಕಳಿಸಲು ಏನೂ ಇಲ್ಲ, ಇಬ್ಬರೂ ಕಾಯುತ್ತಾ ಕೂರುತ್ತಾರೆ. ಇದನ್ನು ಬಿಡಿಸಲು ಕ್ಲೈಂಟ್ ಟೈಮರ್ ಮುಗಿದಾಗ ಏನಾದರೊಂದು ಪ್ಯಾಕೆಟ್ ಕಳಿಸಲೇಬೇಕು ಎಂಬ ನಿಯಮವಿದೆ. ಹೊಸದಾಗಿ ಬರೆದ ಕ್ಲೈಂಟ್‌ಗಳಲ್ಲಿ ಬಿಟ್ಟುಹೋಗುವ ನಿಯಮಗಳಲ್ಲಿ ಇದೂ ಒಂದು. ಒಳ್ಳೆಯ ನೆಟ್‌ವರ್ಕ್‌ನಲ್ಲಿ ಯಾವತ್ತೂ ಗೊತ್ತಾಗುವುದಿಲ್ಲ.

ಹೆಜ್ಜೆ 5: ನೆಟ್‌ವರ್ಕ್ ಕೆಡಿಸಿ ನೋಡಿ

ಅದಕ್ಕೇ ಕೆಟ್ಟ ನೆಟ್‌ವರ್ಕ್ ಬೇಕು. ಲಿನಕ್ಸ್ ಕರ್ನಲ್‌ನಲ್ಲೇ ಇರುವ ನೆಟ್‌ಎಮ್ ಇದಕ್ಕೆ ಸರಿಯಾದ ಸಾಧನ. ವೀತ್ ಇಂಟರ್‌ಫೇಸ್‌ಗೆ ಹೀಗೆ ಹಾಕಿ: ಟಿಸಿ ಕ್ಯುಡಿಸ್ಕ್ ಆ್ಯಡ್ ಡೆವ್ ವೀತ್0 ರೂಟ್ ನೆಟ್‌ಎಮ್ ಡಿಲೇ 50ಎಂಎಸ್ ಲಾಸ್ 1%. ತೆಗೆಯಲು ಆ್ಯಡ್ ಬದಲು ಡೆಲ್ ಅಂತ ಹಾಕಿ ರೂಟ್‌ವರೆಗೆ ಬರೆದರೆ ಸಾಕು.

ನೆಟ್‌ಎಮ್ ಹೊರಹೋಗುವ ಪ್ಯಾಕೆಟ್‌ಗಳಿಗೆ ಮಾತ್ರ ಅನ್ವಯಿಸುತ್ತದೆ. ಎರಡೂ ದಿಕ್ಕಿಗೆ ಬೇಕಾದರೆ ಜೋಡಿಯ ಎರಡೂ ತುದಿಗೆ ಹಾಕಬೇಕು. ಲೂಪ್‌ಬ್ಯಾಕ್‌ಗೆ ಹಾಕಿದರೆ ಹೋಗುವುದೂ ಬರುವುದೂ ಅದೇ ಇಂಟರ್‌ಫೇಸ್‌ನಿಂದ, ಆದ್ದರಿಂದ 50 ಹಾಕಿದರೆ ಆರ್‌ಟಿಟಿ 100 ಆಗುತ್ತದೆ.

ಇನ್ನೊಂದು ಬಲೆ ನೆಟ್‌ಎಮ್‌ನ ಸ್ವಂತ ಕ್ಯೂ. ಸುಮ್ಮನೆ ಬಿಟ್ಟರೆ ಅದರ ಮಿತಿ 1,000 ಪ್ಯಾಕೆಟ್. 100 ಎಂಬಿಪಿಎಸ್ ವೇಗದಲ್ಲಿ 1,200 ಬೈಟ್‌ನ ಪ್ಯಾಕೆಟ್‌ಗಳು ಸೆಕೆಂಡಿಗೆ 10,000 ದಾಟುತ್ತವೆ. ಅವುಗಳನ್ನು 100 ಮಿಲಿಸೆಕೆಂಡ್ ಹಿಡಿದಿಡಬೇಕು ಅಂದರೆ ಕ್ಯೂನಲ್ಲಿ ಸಾವಿರಕ್ಕಿಂತ ಜಾಸ್ತಿ ನಿಲ್ಲಬೇಕು. ಉಳಿದವು ಬಿದ್ದುಹೋಗುತ್ತವೆ. ನೀವು ಲಾಸ್ ಹಾಕಿಯೇ ಇಲ್ಲ, ಆದರೂ ಪ್ಯಾಕೆಟ್ ಕಳೆಯುತ್ತಿದೆ. ಆಗ ಕಂಜೆಶನ್ ಕಂಟ್ರೋಲ್ ಕೋಡ್ ಬಿಚ್ಚಿ ಕೂರುವುದು ವ್ಯರ್ಥ. ಲಿಮಿಟ್ 10000 ಅಂತ ಸೇರಿಸಿ ಮುಂದೆ ಹೋಗಿ.

ಯಾದೃಚ್ಛಿಕ ಲಾಸ್‌ನಲ್ಲಿ ಸಿಕ್ಕ ಬಗ್ ಮತ್ತೆ ಸಿಗುವುದು ಕಷ್ಟ. ಸರಿಪಡಿಸಿದೆವಾ ಇಲ್ಲವಾ ಅಂತ ತಿಳಿಯಬೇಕಾದರೆ ಪ್ರತಿ ಸಲ ಅದೇ ಪ್ಯಾಕೆಟ್ ಬೀಳಬೇಕು. ಅದಕ್ಕೆ ಲಿನಕ್ಸ್‌ನ ಫೈರ್‌ವಾಲ್ ಕಮಾಂಡ್ ಐಪಿಟೇಬಲ್ಸ್‌ನ ಸ್ಟ್ಯಾಟಿಸ್ಟಿಕ್ ಮಾಡ್ಯೂಲ್ ಇದೆ. ಮೋಡ್ ಎನ್‌ಟಿಎಚ್, ಎವೆರಿ 10 ಅಂತ ಕೊಟ್ಟರೆ ಸರಿಯಾಗಿ ಹತ್ತಕ್ಕೊಂದು ಪ್ಯಾಕೆಟ್ ಬೀಳಿಸುತ್ತದೆ.

ಪ್ಯಾಕೆಟ್‌ಗಳ ಕ್ರಮ ತಪ್ಪಿಸುವುದನ್ನೂ ಮಾಡಿ ನೋಡಿ. ಆರ್‌ಎಫ್‌ಸಿ 9002 ಪ್ರಕಾರ, ತನಗಿಂತ ಮೂರು ಸಂಖ್ಯೆ ಮುಂದಿನ ಪ್ಯಾಕೆಟ್‌ಗೆ ಆಕ್ ಬಂದರೆ ಹಿಂದಿನದು ಕಳೆದಿದೆ ಅಂತ ಎಣಿಸಬಹುದು. ಜಾಸ್ತಿ ಕ್ರಮ ತಪ್ಪಿದರೆ, ತಡವಾಗಿ ಬಂದ ಪ್ಯಾಕೆಟನ್ನೂ ಕಳೆದದ್ದು ಅಂತ ತಿಳಿದು ವಿಂಡೋ ಅರ್ಧಕ್ಕೆ ಇಳಿಯುತ್ತದೆ. ಕ್ಯುಲಾಗ್‌ನಲ್ಲಿ "ಕಳೆಯಿತು" ಅಂತ ಬರೆದ ಪ್ಯಾಕೆಟ್‌ಗೇ ಸ್ವಲ್ಪ ಹೊತ್ತಿನಲ್ಲಿ ಆಕ್ ಬಂದಿರುವುದು ಕಂಡರೆ ಇದೇ ಕತೆ.

ಡೆವ್‌ಟೂಲ್ಸ್‌ನ "ಸ್ಲೋ" ಆಯ್ಕೆಗಳಿಂದ ಈ ಯಾವ ಪರೀಕ್ಷೆಯೂ ಆಗುವುದಿಲ್ಲ. ಅವು ಬ್ರೌಸರ್ ಒಳಗೆ ರಿಕ್ವೆಸ್ಟ್‌ಗಳನ್ನು ತಡ ಮಾಡುತ್ತವೆ, ಕೆಳಗಿನ ಪ್ಯಾಕೆಟ್‌ಗಳನ್ನು ಮುಟ್ಟುವುದಿಲ್ಲ.

ಹೆಜ್ಜೆ 6: ಪ್ಯಾಕೆಟ್ ಕಳೆದದ್ದು ನಮ್ಮ ಮನೆಯಲ್ಲೇ ಇರಬಹುದು

ಕ್ಯಾಪ್ಚರ್‌ನಲ್ಲಿ ಪ್ಯಾಕೆಟ್ ಬಂದಿದೆ, ಕ್ಯುಲಾಗ್‌ನಲ್ಲಿ ಬಂದೇ ಇಲ್ಲ. ಹಾಗಾದರೆ ಎರಡರ ನಡುವೆ, ನಿಮ್ಮದೇ ಕರ್ನಲ್‌ನಲ್ಲಿ ಬಿದ್ದಿದೆ. ಎನ್‌ಸ್ಟ್ಯಾಟ್ ಓಡಿಸಿ ಯುಡಿಪಿಆರ್‌ಸಿವಿಬಫ್‌ಎರರ್ಸ್ ಎಂಬ ಎಣಿಕೆ ನೋಡಿ. ಏರುತ್ತಿದ್ದರೆ ಯುಡಿಪಿ ಬಫರ್ ಸಾಲುತ್ತಿಲ್ಲ. ಲಿನಕ್ಸ್‌ನಲ್ಲಿ ನೆಟ್ ಕೋರ್ ಆರ್‌ಮೆಮ್ ಮ್ಯಾಕ್ಸ್ ಸಾಮಾನ್ಯವಾಗಿ 212,992 ಬೈಟ್ ಇರುತ್ತದೆ. ವೇಗದ ಕ್ವಿಕ್‌ಗೆ ಇದು ತೀರಾ ಕಮ್ಮಿ. ಸಿಸ್‌ಸಿಟಿಎಲ್‌ನಿಂದ ಕೆಲವು ಎಂಬಿಗೆ ಏರಿಸಿ. ಕ್ವಿಕ್-ಗೋ ಅಂತೂ ಬಫರ್ ಚಿಕ್ಕದಿದ್ದರೆ ಶುರುವಿನಲ್ಲೇ ಎಚ್ಚರಿಕೆಯ ಸಾಲು ಬರೆಯುತ್ತದೆ. ಆ ಸಾಲನ್ನು ಯಾರೂ ಓದುವುದಿಲ್ಲ, ಅದು ಬೇರೆ ಮಾತು.

ಹೆಜ್ಜೆ 7: ನಿಧಾನಕ್ಕೆ ಕಾರಣ ಯಾರು?

ಲಾಸ್ ಇಲ್ಲ, ಎರರ್ ಇಲ್ಲ, ಆದರೂ ಡೌನ್‌ಲೋಡ್ ಎಳೆಯುತ್ತಿದೆ. ಕ್ಯುವಿಸ್‌ನ ಕಂಜೆಶನ್ ಗ್ರಾಫ್ ತೆರೆಯಿರಿ. ದಾರಿಯಲ್ಲಿರುವ ಬೈಟ್‌ಗಳ ಗೆರೆ ಕಂಜೆಶನ್ ವಿಂಡೋಗೆ ಅಂಟಿಕೊಂಡೇ ಹೋಗುತ್ತಿದ್ದರೆ ತಡೆಯುತ್ತಿರುವುದು ಕಂಜೆಶನ್ ಕಂಟ್ರೋಲ್. ಅದಕ್ಕಿಂತ ಬಹಳ ಕೆಳಗೆ ಚಪ್ಪಟೆಯಾಗಿ ಓಡುತ್ತಿದ್ದರೆ ಫ್ಲೋ ಕಂಟ್ರೋಲ್ ನೋಡಿ. ಗೆರೆ ಆಗಾಗ ಸೊನ್ನೆಗೆ ಇಳಿದರೆ ಆ್ಯಪ್ ಡೇಟಾ ಕೊಡುತ್ತಿಲ್ಲ, ಡಿಸ್ಕ್ ಅಥವಾ ನಿಮ್ಮ ಲೂಪ್ ನೋಡಿ.

ಫ್ಲೋ ಕಂಟ್ರೋಲ್ ಲೆಕ್ಕ ಸುಲಭ. ಬೆಂಗಳೂರಿನಿಂದ ಅಮೆರಿಕದ ಸರ್ವರ್‌ಗೆ ಹೋಗಿಬರಲು 200 ಮಿಲಿಸೆಕೆಂಡ್‌ಗಿಂತ ಜಾಸ್ತಿ ಹಿಡಿಯುವುದು ಮಾಮೂಲು. ಕ್ಲೈಂಟ್ ಕೊಟ್ಟ ವಿಂಡೋ 1 ಎಂಬಿ ಅಂತ ಇಟ್ಟುಕೊಳ್ಳಿ. ಒಂದು ಸುತ್ತಿಗೆ 1 ಎಂಬಿ, ಸೆಕೆಂಡಿಗೆ ಐದು ಸುತ್ತು. ಅಂದರೆ 5 ಎಂಬಿ, 40 ಎಂಬಿಪಿಎಸ್. ಲೈನ್ 300 ಎಂಬಿಪಿಎಸ್ ಇದ್ದರೂ ಅಷ್ಟೇ. ಅದೇ ಸರ್ವರ್ ಪಕ್ಕದ ಊರಿನಲ್ಲಿದ್ದರೆ ಈ ಮಿತಿ ಗಮನಕ್ಕೇ ಬರುತ್ತಿರಲಿಲ್ಲ. ಕ್ಯಾಪ್ಚರ್‌ನಲ್ಲಿ ಡೇಟಾ ಬ್ಲಾಕ್ಡ್, ಸ್ಟ್ರೀಮ್ ಡೇಟಾ ಬ್ಲಾಕ್ಡ್ ಫ್ರೇಮ್‌ಗಳು ಕಂಡರೆ ಅನುಮಾನ ಖಚಿತ. ಹ್ಯಾಂಡ್‌ಶೇಕ್‌ನ ಟ್ರಾನ್ಸ್‌ಪೋರ್ಟ್ ಪ್ಯಾರಾಮೀಟರ್‌ಗಳಲ್ಲಿ ಇನಿಶಿಯಲ್ ಮ್ಯಾಕ್ಸ್ ಡೇಟಾ ಎಷ್ಟಿದೆ ನೋಡಿ, ಮ್ಯಾಕ್ಸ್ ಡೇಟಾ ಫ್ರೇಮ್‌ಗಳು ಬೇಗ ಬೇಗ ಬರುತ್ತಿವೆಯಾ ನೋಡಿ.

ಹೆಜ್ಜೆ 8: ಪೋರ್ಟ್ ಬದಲಾದರೂ ಕನೆಕ್ಷನ್ ಉಳಿಯುತ್ತದಾ?

ವೈ-ಫೈಯಿಂದ ಮೊಬೈಲ್ ಡೇಟಾಗೆ ಹೋದರೂ ಕನೆಕ್ಷನ್ ಉಳಿಯಬೇಕು ಎಂಬುದು ಕ್ವಿಕ್‌ನ ದೊಡ್ಡ ಆಸೆ. ಅದಕ್ಕಿಂತ ಹೆಚ್ಚಾಗಿ ನಡೆಯುವುದು ಸದ್ದಿಲ್ಲದ ಬದಲಾವಣೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ನ್ಯಾಟ್ ರೂಟರ್ (ಹಲವು ಸಾಧನಗಳಿಗೆ ಒಂದೇ ಹೊರಗಿನ ವಿಳಾಸ ಹಂಚುವ ರೂಟರ್) ಆ ಯುಡಿಪಿ ನಂಟನ್ನು ಮರೆಯುತ್ತದೆ, ಮುಂದಿನ ಪ್ಯಾಕೆಟ್‌ಗೆ ಹೊಸ ಪೋರ್ಟ್ ಕೊಡುತ್ತದೆ. ಕ್ಲೈಂಟ್‌ಗೆ ಇದು ಗೊತ್ತೇ ಆಗುವುದಿಲ್ಲ. ಲ್ಯಾಬ್‌ನಲ್ಲಿ ಇದನ್ನು ಮಾಡಲು ನಡುವೆ ಮೂರನೇ ನೇಮ್‌ಸ್ಪೇಸ್ ಇಟ್ಟು ಐಪಿಟೇಬಲ್ಸ್‌ನ ಮಾಸ್ಕರೇಡ್ (ನ್ಯಾಟ್) ನಿಯಮವನ್ನು ರ್‍ಯಾಂಡಮ್ ಆಯ್ಕೆಯೊಂದಿಗೆ ಹಾಕಿ. ಡೌನ್‌ಲೋಡ್ ನಡುವೆ, ಆ ನಂಟಿನ ನೆನಪು ಅಳಿಸಲು, ಕಾನ್‌ಟ್ರ್ಯಾಕ್ ಮೈನಸ್ ದೊಡ್ಡ ಡಿ ಮೈನಸ್ ಪಿ ಯುಡಿಪಿ ಕೊಡಿ. ಮುಂದಿನ ಪ್ಯಾಕೆಟ್ ಹೊಸ ಪೋರ್ಟ್‌ನಿಂದ ಬರುತ್ತದೆ. ಸರ್ವರ್ ಕನೆಕ್ಷನ್ ಐಡಿಯಿಂದ ಗುರುತು ಹಿಡಿದು ಪಾತ್ ಚಾಲೆಂಜ್ ಕಳಿಸಬೇಕು, ಕ್ಲೈಂಟ್ ಪಾತ್ ರೆಸ್ಪಾನ್ಸ್ ಕೊಡಬೇಕು. ಸರ್ವರ್ ಮುಂದೆ ಲೋಡ್ ಬ್ಯಾಲೆನ್ಸರ್ ಇದ್ದು, ಅದು ಐಪಿ-ಪೋರ್ಟ್ ನೋಡಿ ಮಾತ್ರ ಹಂಚುತ್ತಿದ್ದರೆ ಪ್ಯಾಕೆಟ್ ಬೇರೆ ಮೆಷಿನ್‌ಗೆ ಹೋಗಿ ಕನೆಕ್ಷನ್ ಸಾಯುತ್ತದೆ.

ಹೆಜ್ಜೆ 9: ಬೇರೆಯವರ ಕೋಡ್ ಜೊತೆ ಮಾತಾಡಿಸಿ

ನಿಮ್ಮ ಕ್ಲೈಂಟ್ ನಿಮ್ಮ ಸರ್ವರ್ ಜೊತೆ ಚೆನ್ನಾಗಿ ಮಾತಾಡಿತು ಅಂದರೆ ಎರಡೂ ಒಂದೇ ತಪ್ಪನ್ನು ಮಾಡುತ್ತಿರಲೂಬಹುದು. ಕ್ವಿಕ್ ಇಂಟರಾಪ್ ರನ್ನರ್ ಇರುವುದು ಇದಕ್ಕೇ. ಮಾರ್ಟನ್ ಸೀಮನ್ ಮತ್ತು ಜನಾ ಅಯ್ಯಂಗಾರ್ 2020ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದರು. ಕ್ಲೈಂಟ್ ಒಂದು ಡಾಕರ್ ಕಂಟೇನರ್, ಸರ್ವರ್ ಇನ್ನೊಂದು, ನಡುವೆ ಎನ್‌ಎಸ್-3 ಸಿಮ್ಯುಲೇಟರ್. ಹ್ಯಾಂಡ್‌ಶೇಕ್, ರಿಟ್ರೈ, ಝೀರೋ-ಆರ್‌ಟಿಟಿ, ಕೀ ಅಪ್‌ಡೇಟ್, ಪ್ಯಾಕೆಟ್ ಕೆಡಿಸುವುದು, ಮೇಲೆ ಹೇಳಿದ ಮೂರು ಪಟ್ಟು ಮಿತಿ, ಎಲ್ಲಕ್ಕೂ ಪರೀಕ್ಷೆ ಇದೆ. ರನ್ ಸ್ಕ್ರಿಪ್ಟ್‌ಗೆ ಮೈನಸ್ ಎಸ್ ಸರ್ವರ್ ಹೆಸರು, ಮೈನಸ್ ಸಿ ಕ್ಲೈಂಟ್ ಹೆಸರು, ಮೈನಸ್ ಟಿ ಪರೀಕ್ಷೆಯ ಹೆಸರು ಕೊಟ್ಟರೆ ನಿಮ್ಮ ಮೆಷಿನ್‌ನಲ್ಲೇ ಓಡುತ್ತದೆ. ಕೀ ಲಾಗ್‌ಗೂ ಕ್ಯುಲಾಗ್‌ಗೂ ವೇರಿಯಬಲ್‌ಗಳನ್ನು ಅದೇ ಹೊಂದಿಸುತ್ತದೆ, ಹಾಗಾಗಿ ಹೆಜ್ಜೆ 3ರ ಮೂರೂ ಫೈಲ್ ಸಿಗುತ್ತವೆ. ನಿಮ್ಮ ಕೋಡ್‌ಗೆ ಒಂದು ಪರೀಕ್ಷೆ ಇನ್ನೂ ಬರುವುದಿಲ್ಲ ಅಂದರೆ ಎಕ್ಸಿಟ್ ಕೋಡ್ 127 ಕೊಡಬೇಕು. ಬೇರೆ ಕೋಡ್ ಕೊಟ್ಟರೆ "ಬರುವುದಿಲ್ಲ" ಬದಲು "ಫೇಲ್" ಅಂತ ದಾಖಲಾಗುತ್ತದೆ.

ಪರೀಕ್ಷೆ ಫೇಲ್ ಆದಾಗ ಬೇರೆ ಬೇರೆ ಸರ್ವರ್‌ಗಳ ಜೊತೆ ಓಡಿಸಿ. ಎಲ್ಲರ ಜೊತೆಗೂ ಫೇಲ್ ಆದರೆ ನಿಮ್ಮ ಕೋಡ್ ನೋಡಿ. ಒಬ್ಬರ ಜೊತೆ ಮಾತ್ರ ಆದರೆ ಆ ಲೈಬ್ರರಿಯವರಿಗೆ ಬಗ್ ತಿಳಿಸಬಹುದು. ಆಗ ಕ್ಯಾಪ್ಚರ್ ಒಂದು ಕಡೆ, ಕೀ ಇನ್ನೊಂದು ಕಡೆ ಅಂತ ಕಳಿಸಬೇಡಿ. ವೈರ್‌ಶಾರ್ಕ್ ಜೊತೆ ಬರುವ ಎಡಿಟ್‌ಕ್ಯಾಪ್‌ನ ಇಂಜೆಕ್ಟ್-ಸೀಕ್ರೆಟ್ಸ್ ಆಯ್ಕೆಯಿಂದ ಕೀಗಳನ್ನು ಕ್ಯಾಪ್ಚರ್ ಫೈಲಿನೊಳಗೇ ಸೇರಿಸಬಹುದು. ನೋಡುವವರು ಫೈಲ್ ತೆರೆದರೆ ಸಾಕು, ಎಲ್ಲ ಬಿಡಿಸಿಕೊಂಡೇ ಬರುತ್ತದೆ. ಲ್ಯಾಬ್‌ನಲ್ಲಿ ಹಿಡಿದ ಫೈಲ್‌ಗಳಿಗೆ ಮಾತ್ರ ಹೀಗೆ ಮಾಡಿ, ನಿಜವಾದ ಬಳಕೆದಾರರ ಟ್ರಾಫಿಕ್ ಇರುವುದಕ್ಕೆ ಖಂಡಿತ ಬೇಡ.